ಏಳು ನಿಟ್ಟುಸಿರಿನ ನೀಲಿ ಆಲೂಗಡ್ಡೆಯ ವಿಷಯವಾಗಿ ಒಲೆಯೊಡೆಯರಿಗೆ

ಮಹಾಮಹಿಮ ಒಲೆಯೊಡೆಯರ ಸನ್ನಿಧಾನಕ್ಕೆ,
ಅರಮನೆಯ ಅಡುಗೆಶಾಲೆ, ಮೂರು ನೆರಳಿನ ನಾಡು,
ಐದನೆಯ ಅಧ್ಯಾಯ, ಬಲಗಡೆಯ ಪುಟ.

ಮಾನ್ಯರೇ,

ಮನುಕುಲದ ಚರಿತ್ರೆಯಲ್ಲಿ ಬೆಂಕಿ ಹೊತ್ತಿದ ದಿನದ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಬೇಕಾದ ಒಂದು ಘಟನೆಯನ್ನು ತಮ್ಮ ಪಾದಾರವಿಂದಗಳಲ್ಲಿ ಅರಿಕೆ ಮಾಡಿಕೊಳ್ಳಲು ಹರ್ಷಿಸುತ್ತೇನೆ: ಹೋದ ತಿಂಗಳು, ಒಂದು ಭಾನುವಾರ ಮಧ್ಯಾಹ್ನ, ಮೂರನೆಯ ಮಹಡಿಯಲ್ಲಿರುವ ನಮ್ಮ ಅಡುಗೆಮನೆಯಲ್ಲಿ ಆಲೂಗಡ್ಡೆ ನೀಲಿಯಾಯಿತು. ಪತ್ರಿಕೆಗಳು ಈ ಸುದ್ದಿಯನ್ನು ಪ್ರಕಟಿಸದೆ ಇದ್ದುದರಿಂದ ನಾನೇ ತಿಳಿಸಬೇಕಾಗಿ ಬಂದಿದೆ.

ತಾವು ಕಥೆಪುಸ್ತಕದೊಳಗಿನ ಬಾಣಸಿಗರು, ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತ. ಊರಿನವರ ದೂರುಗಳನ್ನೆಲ್ಲ ಓದಿ ‘ಪರಿಶೀಲನೆಯಲ್ಲಿದೆ’ ಎಂದು ಮುದ್ರೆ ಒತ್ತುವುದು ನನ್ನ ಕಸುಬಾದ್ದರಿಂದ, ದೂರು ಬರೆಯುವವರು ಮೊದಲು ಕುಶಲ ವಿಚಾರಿಸಿ ಆಮೇಲೆ ಕೊಳಾಯಿಯ ವಿಷಯಕ್ಕೆ ಬರಬೇಕು ಎಂಬ ಮರ್ಯಾದೆ ನನಗೆ ಚೆನ್ನಾಗಿ ಗೊತ್ತು. ತಮ್ಮ ಮೂರೂ ಸೂರ್ಯರು ಹೊತ್ತಿಗೆ ಸರಿಯಾಗಿ ಮುಳುಗುತ್ತಿದ್ದಾರೆಂದೂ ರೆಕ್ಕೆಯ ಆಡುಗಳು ಹಾಲು ಕರೆಯುವ ವೇಳೆಗೆ ತಪ್ಪದೆ ಕೆಳಗಿಳಿಯುತ್ತಿವೆಯೆಂದೂ ನಂಬಿ, ಈಗ ಕೊಳಾಯಿಯ ವಿಷಯಕ್ಕೆ ಬರುತ್ತೇನೆ.

ತಾವು ನಮ್ಮ ಮನೆ ಹೊಕ್ಕದ್ದು ಮಗಳ ಶಾಲೆಯ ಚೀಲದ ಮೂಲಕ. ಅಂದಿನಿಂದ ಅವಳ ತೊಡೆಯ ಮೇಲೆ ತಾವೇ, ತಲೆದಿಂಬಿನ ಕೆಳಗೂ ತಾವೇ. ಹುಟ್ಟುಹಬ್ಬಕ್ಕೆ ಕೇಕು ಬೇಡ, ‘ಮೂರನೇ ನೆರಳು’ ಬೇಕು ಎಂದು ಅವಳು ಹಟ ಹಿಡಿದಳು. ಕಡೆಯ ಸೂರ್ಯ ಮುಳುಗಿದ ಮೇಲೆ ತಮ್ಮ ಪ್ರಜೆಗಳು ಒಳಗನ್ನು ತೋಡಿ ತೆಗೆದ ಗುಂಡು ಬ್ರೆಡ್ಡಿನೊಳಗೆ ಸುರಿದುಕೊಂಡು ತಿನ್ನುವ, ನೀಲಿ ಬೇರಿನ ಆ ಗಟ್ಟಿ ರಸವನ್ನು ‘ದಿನನಿತ್ಯ ಮನೆಯಲ್ಲಿ ಸಿಗುವ ಪದಾರ್ಥಗಳಿಂದಲೇ ಮಾಡಬಹುದು’ ಎಂದು ಪುಸ್ತಕದ ಕೊನೆಯಲ್ಲಿ ತಾವು ಅಭಯ ಕೊಟ್ಟಿದ್ದೀರಿ. ಅದರ ಕೆಳಗೇ, ಯಾವ ಅಂಜಿಕೆಯೂ ಇಲ್ಲದೆ, ‘ರೆಕ್ಕೆಯ ಆಡಿನ ಹಾಲು’, ‘ಉಲ್ಕೆಯ ಉಪ್ಪು’ ಎಂದೂ ಬರೆದಿದ್ದೀರಿ. ತಮ್ಮ ಮನೆಯ ದಿನನಿತ್ಯದ ಬಗ್ಗೆ ನನಗೆ ಅಪಾರ ಗೌರವವಿದೆ.

ಇಲ್ಲಿ ನನ್ನ ತಾಯಿಯವರನ್ನು (ಇನ್ನು ಮುಂದೆ ‘ಅಮ್ಮ’ ಎಂದು ಕರೆಯಲಾಗುವುದು) ತಮಗೆ ಪರಿಚಯಿಸಲೇಬೇಕು. ಅಮ್ಮ ಬಸ್ ಡಿಪೋದ ಎದುರು ಮೆಸ್ ನಡೆಸಿದವಳು. ಡ್ರೈವರುಗಳು, ಕಂಡಕ್ಟರುಗಳು, ಮೆಕ್ಯಾನಿಕ್ಕುಗಳು ಅವಳ ಊಟವನ್ನೂ ಬೈಗುಳವನ್ನೂ ಒಂದೇ ತಟ್ಟೆಯಲ್ಲಿ ಉಂಡು ತಲೆ ನರೆಸಿಕೊಂಡವರು. ಬೇರೆಯವರ ಅಡುಗೆಯನ್ನು ಅವಳು ಬಾಯಿಗಿಡುವ ಮೊದಲೇ ಮೂಗಿನಲ್ಲಿ ವಿಚಾರಣೆ ನಡೆಸಿ ತೀರ್ಪು ಕೊಡುತ್ತಿದ್ದಳು, ನನ್ನ ಮದುವೆಯ ಊಟದ ನಡುವೆಯೇ ಎದ್ದು ಹೋಗಿ, “ಯಾಕಪ್ಪಾ, ಅನ್ನದ ಮೇಲೆ ನಿಂಗೇನು ದ್ವೇಷ?” ಎಂದು ಅಡುಗೆಯವನನ್ನು ಕೇಳಿದ ಮಹಾತಾಯಿ. ಮಂಡಿ ಕೈಕೊಟ್ಟ ಮೇಲೆ ಮೆಸ್ ಮುಚ್ಚಿ ನಮ್ಮಲ್ಲಿಗೆ ಬಂದಳು. ಅವಳ ಜೊತೆ ಬಂದ, ಮಗುವಿಗೆ ಸ್ನಾನ ಮಾಡಿಸಬಹುದಾದಷ್ಟು ದೊಡ್ಡ ಕುಕ್ಕರನ್ನು, “ಇನ್ಯಾರಿಗೆ ಬೇಕು ಅದು, ಅಟ್ಟಕ್ಕೆ ಹಾಕು” ಅಂದಳು. ಹಾಕಿದೆ.

ಅಂದಿನಿಂದ ಅಮ್ಮ ‘ಚೆನ್ನಾಗಿದೆ’ ಅನ್ನತೊಡಗಿದಳು.

ಹೆಂಡತಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಬೆಳಗಿನ ಪಾಳಿ ಇರುವುದರಿಂದ ನಮ್ಮಲ್ಲಿ ಅಡುಗೆ ನನ್ನ ಪಾಲಿನದು, ಮತ್ತು ಅದು ಚೆನ್ನಾಗಿರುವುದಿಲ್ಲ ಎಂಬುದು ಇಡೀ ಕಟ್ಟಡಕ್ಕೆ ಗೊತ್ತಿರುವ ಸಂಗತಿ. ಆದರೂ ಅಮ್ಮ ಸೀದ ಬೀನ್ಸಿಗೂ ಚೆನ್ನಾಗಿದೆ, ಮುದ್ದೆಯಾದ ಅನ್ನಕ್ಕೂ ಚೆನ್ನಾಗಿದೆ ಎಂದು ಎರಡು ತುತ್ತು ತಿಂದು, ತನ್ನ ತಟ್ಟೆ ತಾನೇ ತೊಳೆದಿಟ್ಟು, ಸೋಫಾದ ತುದಿಯಲ್ಲಿ ಬಸ್ಸಿಗೆ ಕಾಯುವವಳ ಹಾಗೆ ಕೂತುಬಿಡುತ್ತಿದ್ದಳು. ಅವಳ ಕೈಗಡಿಯಾರ ಮಣಿಕಟ್ಟು ಬಿಟ್ಟು ಮೊಣಕೈ ಕಡೆಗೆ ಜಾರತೊಡಗಿತ್ತು. ಒಂದು ದಿನ ಬೇಕಂತಲೇ ಬೇಳೆಗೆ ಉಪ್ಪು ಹಾಕದೆ ಬಡಿಸಿ ನೋಡಿದೆ. “ಚೆನ್ನಾಗಿದೆ ಕಣಪ್ಪಾ,” ಅಂದಳು. ಸ್ವಂತ ಮಗನ ಮನೆಯಲ್ಲಿ ಅಮ್ಮ ನೆಂಟಳಾಗಿದ್ದಳು. ನೆಂಟರಿಗೆ ಹಸಿವು ಕಡಿಮೆ.

ಇಂಥ ಮನೆಯಲ್ಲಿ ತಮ್ಮ ಪಾಕಶಾಸ್ತ್ರದ ಪ್ರಯೋಗ ಆರಂಭವಾಯಿತು. ನೀಲಿ ಬೇರಿನ ಸ್ಥಾನಕ್ಕೆ ಆಲೂಗಡ್ಡೆ ಅವಿರೋಧವಾಗಿ ಆಯ್ಕೆಯಾಯಿತು. ನೇರಳೆ ಎಲೆಕೋಸು ಬೇಯಿಸಿದ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ನೀಲಿಯಾಗುತ್ತದೆಂದು ಹೆಂಡತಿ ಹೇಳಿದಳು. ಚಿಟಿಕೆಯಿಂದಲೇ ಅಷ್ಟಾದರೆ ಚಮಚದಿಂದ ಎಷ್ಟಾಗಬಹುದೆಂದು ನಾನು ಚಮಚ ಹಾಕಿದೆ. ಕೆಳಗಿನ ಅಂಗಡಿಯ ಹಾಲು, ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಬಿಟ್ಟ ಬುಟ್ಟಿಯಲ್ಲಿ ಮೆಟ್ಟಿಲು ಮುಟ್ಟದೆ ಆಕಾಶಮಾರ್ಗವಾಗಿ ಬಂದದ್ದರಿಂದ, ಅದನ್ನು ರೆಕ್ಕೆಯ ಹಾಲೆಂದು ಮಗಳು ಅಂಗೀಕರಿಸಿದಳು. ಉಪ್ಪಿನ ಹೊಸ ಪೊಟ್ಟಣ ಅಟ್ಟದಲ್ಲಿ ಅಮ್ಮನ ಕುಕ್ಕರಿನ ಪಕ್ಕದಿಂದ ಜಾರಿ ನೇರವಾಗಿ ನನ್ನ ನೆತ್ತಿಯ ಮೇಲೆ ಬಿದ್ದು ಒಡೆದದ್ದರಿಂದ ಉಲ್ಕೆಯ ಬಗ್ಗೆಯೂ ತಕರಾರು ಉಳಿಯಲಿಲ್ಲ. ಇನ್ನು ‘ಬೆಟ್ಟವು ಏಳು ಬಾರಿ ನಿಟ್ಟುಸಿರು ಬಿಡುವವರೆಗೆ ಬೇಯಿಸುವುದು’ ಎಂಬ ತಮ್ಮ ಅಪ್ಪಣೆ. ಬೆಟ್ಟ ಇಲ್ಲದ ಮನೆಯಲ್ಲಿ ನಿಟ್ಟುಸಿರು ಬಿಡುವ ಏಕೈಕ ವಸ್ತು ಕುಕ್ಕರ್ (ನನ್ನನ್ನು ಬಿಟ್ಟರೆ). ಏಳು ವಿಷಲ್ ಕೂಗಿಸಿದೆ. ಮುಚ್ಚಳ ತೆಗೆದಾಗ ಒಳಗಿದ್ದದ್ದು ನೀಲಿಯೂ ಅಲ್ಲ, ಹಸಿರೂ ಅಲ್ಲ. ಸರ್ಕಾರಿ ಕಟ್ಟಡಗಳ ಗೋಡೆಗೆ ಅರ್ಧದವರೆಗೆ ಬಳಿಯುತ್ತಾರಲ್ಲ, ಆ ಬಣ್ಣ.

ಬಡಿಸುವ ಮೊದಲು ಮಗಳು ತಲೆಗೆ ಸ್ಟೀಲಿನ ಜರಡಿ ಕವುಚಿಕೊಂಡು ತಮ್ಮ ನಾಡಿನ ಊಟದ ಕಾನೂನನ್ನು ಓದಿದಳು: ‘ಹೊಗಳುವವನು ಹೊರಗಿನವನು, ಹಳಿಯುವವನು ಒಳಗಿನವನು. ಅಡುಗೆಯಲ್ಲಿ ತಪ್ಪು ಹುಡುಕದವನು ಹೊಸ್ತಿಲಾಚೆ ಕೂರತಕ್ಕದ್ದು.’ ಅದರಂತೆ ನನ್ನ ಹೆಂಡತಿ, “ಇದನ್ನ ನಮ್ಮ ಲ್ಯಾಬಿಗೆ ತಂದುಕೊಟ್ರೆ ಸುಮ್ಮನೆ ಹೆಸರು, ವಯಸ್ಸು ಬರ್ಕೊಂಡು ನಾಳೆ ಬನ್ನಿ ಅಂತೀವಿ,” ಎಂದು ತನ್ನ ಒಳಗಿನತನ ಸಾಬೀತು ಮಾಡಿದಳು. ಮಗಳು, “ಅಪ್ಪಾ, ಬ್ರೆಡ್ಡು ತಳದಲ್ಲಿ ಸೋರ್ತಿದೆ, ನಿಮ್ಮ ಆಫೀಸಿಗೆ ದೂರು ಕೊಡ್ತೀನಿ,” ಅಂದಳು. ಅಮ್ಮ ಒಂದು ಚಮಚ ಬಾಯಿಗಿಟ್ಟು, ಎಂದಿನಂತೆ, “ಚೆನ್ನಾಗಿದೆ ಪುಟ್ಟಾ,” ಅಂದಳು.

“ಅಜ್ಜಿ, ಹಾಗಂದ್ರೆ ನೀನು ಹೊರಗಿನವಳು,” ಅಂದಳು ಮಗಳು. “ಏಳು. ಚಪ್ಪಲಿ ಹತ್ರ ಕೂತ್ಕೋ.”

ನಾನು ನೀರಿನ ಲೋಟದೊಳಗೆ ಏನೋ ಹುಡುಕುತ್ತಿದ್ದೆ. ಅಮ್ಮ ಬಾಗಿಲ ಕಡೆ ನೋಡಿದಳು, ಚಪ್ಪಲಿಗಳನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಇನ್ನೊಂದು ಚಮಚ ಬಾಯಿಗಿಟ್ಟು ನಿಧಾನವಾಗಿ ನುಂಗಿದಳು.

“ಸೋಡಾ ಜಾಸ್ತಿ,” ಅಂದಳು.

ಆಮೇಲೆ ಅಣೆಕಟ್ಟು ಒಡೆಯಿತು. “ಬಾಯೆಲ್ಲ ಸೋಪು ಸೋಪು. ಉಪ್ಪು ಕೊನೇಲಿ ಹಾಕಿದೀಯ, ಮೇಲೇ ನಿಂತಿದೆ, ಒಳಗಿಳಿದಿಲ್ಲ. ಬೆಳ್ಳುಳ್ಳಿ ಸೀದಿದೆ. ಆಲೂಗಡ್ಡೆಗೆ ಏಳು ವಿಷಲ್ ಕೂಗಿಸ್ತಾರೇನೋ? ಅದೇನು ಚಪ್ಪಡಿ ಕಲ್ಲಾ? ಮೊನ್ನೆ ಬೇಳೆಗೆ ಉಪ್ಪೇ ಇರ್ಲಿಲ್ಲ. ಅದಕ್ಕೆ ಮುಂಚೆ ಬೀನ್ಸಿನ ನಾರು ತೆಗ್ದಿರ್ಲಿಲ್ಲ...” ಹೀಗೆ, ಮಾನ್ಯರೇ, ಒಂದೊಂದೇ ಊಟವನ್ನು ಎತ್ತಿ ಝಾಡಿಸುತ್ತಾ ಅವಳು ನಮ್ಮ ಮನೆಗೆ ಬಂದ ಮೊದಲ ದಿನದ ಕಾಫಿಯವರೆಗೂ ಹಿಂದಕ್ಕೆ ಹೋದಳು. ಯಾವುದನ್ನೂ ಮರೆತಿರಲಿಲ್ಲ. ಅಷ್ಟೂ ‘ಚೆನ್ನಾಗಿದೆ’ಗಳ ಅಡಿಯಲ್ಲಿ ಅಷ್ಟೂ ತಪ್ಪುಗಳನ್ನು ಕೆಡದಂತೆ ಜೋಪಾನ ಮಾಡಿದ್ದಳು. ಹೆಂಡತಿ ನಗುತ್ತಿದ್ದಳು, ನನಗೆ ಮಾತ್ರ, ಈರುಳ್ಳಿ ಹೆಚ್ಚಿ ಬಹಳ ಹೊತ್ತಾಗಿದ್ದರೂ, ಕಣ್ಣು ಉರಿಯುತ್ತಿತ್ತು.

ಅಮ್ಮ ಗೋಡೆ ಹಿಡಿದು ಎದ್ದಳು. ಆಲೂಗಡ್ಡೆಯನ್ನು ಬೇರೆಯಾಗಿ ಎರಡೇ ವಿಷಲಿಗೆ ಇಳಿಸಿ, ಹಾಲು ಬೆರೆಸಿ, ಎಲೆಕೋಸಿನ ನೀರಿಗೆ ಉಗುರಿನ ತುದಿಯಷ್ಟು ಸೋಡಾ ಮುಟ್ಟಿಸಿ ಒಲೆ ಆರಿಸಿದ ಮೇಲೆ ಸುರಿದಳು. ನೀಲಿಯಾಯಿತು. ಗ್ಯಾಸಿನ ಉರಿಯ ನೀಲಿ. ಒಂದಿಡೀ ಬ್ರೆಡ್ಡಿನ ತುಂಬ ಹಾಕಿಕೊಂಡು, ಕಡೆಗೆ ಆ ಬ್ರೆಡ್ಡಿನ ಸಮೇತ ತಿಂದು ಮುಗಿಸಿ, “ಪರವಾಗಿಲ್ಲ, ಮೆಣಸು ಇನ್ನೊಂಚೂರು ಬೇಕಿತ್ತು,” ಎಂದು ತನ್ನ ಮೇಲೆಯೇ ದೂರು ದಾಖಲಿಸಿ ಅಮ್ಮ ಕೈ ತೊಳೆದಳು. ತಟ್ಟೆಯನ್ನು ನನಗೇ ಬಿಟ್ಟಳು.

ಈಗ ನನ್ನ ಅಹವಾಲು. ತಮ್ಮ ಆ ಒಂದು ಕಾನೂನಿನಿಂದ ನಮ್ಮ ಮನೆಯ ಶಾಂತಿ ಸಂಪೂರ್ಣ ಹಾಳಾಗಿದೆ. ಚಾಕು ಮೊಂಡು, ಡಬ್ಬಿಗಳ ಸಾಲು ತಪ್ಪು, ಹಾಲಿನವನು ನೀರಿನವನು, ನಾನು ಈರುಳ್ಳಿ ಹೆಚ್ಚುವುದು ಶತ್ರುವನ್ನು ಕೊಚ್ಚಿದಂತೆ. ಮಧ್ಯಾಹ್ನ ಕಚೇರಿಗೆ ಫೋನ್ ಮಾಡಿ, “ಊಟದ ಡಬ್ಬಿ ಖಾಲಿ ಮಾಡಿದ್ಯೇನೋ? ಮಾಡ್ದೆ ಇದ್ರೆ ಯಾಕೆ?” ಎಂದು ವಿಚಾರಣೆ ನಡೆಯುತ್ತದೆ, ದೂರು ವಿಭಾಗದಲ್ಲಿ ಕೂತವನ ಮೇಲೇ ದೂರು! ಕೈಗಡಿಯಾರ ಮಣಿಕಟ್ಟಿಗೆ ಮರಳಿ ಬಂದಿದೆ, ಅಡುಗೆಮನೆ ನನ್ನ ಕೈತಪ್ಪಿದೆ. ಆದ್ದರಿಂದ ತಾವು ದಯಮಾಡಿ ಮೂರು ಸೂರ್ಯರಲ್ಲಿ ಹೆಚ್ಚುವರಿಯಾದ ಒಬ್ಬನನ್ನು ಬೆಳಗಿನ ಹೊತ್ತು ನಮ್ಮ ಕಡೆಗೆ ವರ್ಗಾಯಿಸಬೇಕು, ಏಕೆಂದರೆ ಅಮ್ಮ ಸೂರ್ಯನಿಗಿಂತ ಮೊದಲೇ ಎದ್ದು ಪಾತ್ರೆ ಸದ್ದು ಮಾಡುತ್ತಾಳೆ; ರೆಕ್ಕೆಯ ಆಡೊಂದನ್ನು ಬಾಲ್ಕನಿಗೆ ಕಳಿಸಿ ಹಾಲಿನವನ ವಿರುದ್ಧದ ದಾವೆಯನ್ನು ಇತ್ಯರ್ಥಪಡಿಸಬೇಕು; ಮತ್ತು ಸದರಿ ಕಾನೂನನ್ನು ಯಾವ ಕಾರಣಕ್ಕೂ, ಯಾವ ಮುಂದಿನ ಸಂಪುಟದಲ್ಲೂ, ಹಿಂತೆಗೆದುಕೊಳ್ಳಕೂಡದು.

ಇಂತು, ಕಣ್ಣೀರಿನೊಂದಿಗೆ (ಕಾರಣ ಈರುಳ್ಳಿ),

ತಮ್ಮ ವಿಶ್ವಾಸಿ,
ಮಾಜಿ ಬಾಣಸಿಗ, ಹಾಲಿ ಈರುಳ್ಳಿ ವಿಭಾಗ,
ಮೂರನೆಯ ಮಹಡಿ.

ಮರೆತ ಮಾತು: ಈ ಪತ್ರದಲ್ಲಿ ತಮ್ಮನ್ನು ಕುರಿತು ಒಂದೇ ಒಂದು ಒಳ್ಳೆಯ ಮಾತಿಲ್ಲ ಎಂಬುದನ್ನು ಗಮನಿಸಿರುತ್ತೀರಿ. ತಮ್ಮ ನಾಡಿನಲ್ಲಿ ಅದರ ಅರ್ಥವೇನೆಂದು ತಮಗೇ ಗೊತ್ತು. ಮುಂದಿನ ಮುದ್ರಣದಲ್ಲಿ ಮಾತ್ರ ‘ಏಳು ನಿಟ್ಟುಸಿರು’ ಎಂಬುದನ್ನು ‘ಎರಡು’ ಎಂದು ತಿದ್ದಿಸಿ; ಅಮ್ಮ ತಮ್ಮನ್ನು ಒಬ್ಬ ಅಡುಗೆಯವರೆಂದು ಇನ್ನೂ ಒಪ್ಪಿಲ್ಲ.

ಇದನ್ನು ಓದುತ್ತಿರುವ ಇತರರಲ್ಲಿ ಒಂದು ವಿನಂತಿ. ಅಟ್ಟದ ಮೇಲಿನ ಕುಕ್ಕರನ್ನು ಕೆಳಗಿಳಿಸಲಾಗಿದೆ. ಬರುವ ಭಾನುವಾರ ಡಿಪೋದ ಹಳೆಯ ಡ್ರೈವರುಗಳೂ ಕಂಡಕ್ಟರುಗಳೂ ‘ಮೂರನೇ ನೆರಳು’ ತಿಂದು ಹಳಿಯಲು ಬರುತ್ತಿದ್ದಾರೆ. ಆದರೆ ಕುಕ್ಕರಿನ ಗ್ಯಾಸ್ಕೆಟ್ ಒಣಗಿ ಸೀಳಿದೆ, ಆ ಅಳತೆಯದು ಯಾವ ಅಂಗಡಿಯಲ್ಲೂ ಇಲ್ಲ. ಹಳೆಯ ಮೆಸ್ಸಿನ ದೊಡ್ಡ ಕುಕ್ಕರಿಗೆ ಹೊಂದುವ ಗ್ಯಾಸ್ಕೆಟ್ ಎಲ್ಲಿ ಸಿಗುತ್ತದೆಂದು ಗೊತ್ತಿದ್ದವರು ಶನಿವಾರದೊಳಗೆ ತಿಳಿಸಿ ಉಪಕರಿಸಬೇಕು. ಬೇಗ ತಿಳಿಸಿ. ಅಮ್ಮ ನನ್ನ ಬೆನ್ನ ಹಿಂದೆ ನಿಂತು ಇದನ್ನು ಓದುತ್ತಿದ್ದಾಳೆ, ಪತ್ರ ಉದ್ದವಾಯಿತಂತೆ.