ಮುದ್ದೆ ಪಾರ್ಸಲ್ಲಿನ ಗಿರಾಕಿಗಳು

ಬೆಳಿಗ್ಗೆ ಒಲೆ ಹಚ್ಚುವಾಗ ‘ಇವತ್ತಾದರೂ ಸುಮ್ಮನೆ ಅಡುಗೆ ಮಾಡಿ, ಕಟ್ಟಿ ಕೊಟ್ಟು, ಪಾತ್ರೆ ತೊಳೆದು ಮಲಗೋಣ’ ಅಂದುಕೊಳ್ಳುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಯಾರಾದರೂ ಒಬ್ಬರು ಬಂದು ಅದನ್ನು ಕೆಡಿಸಿರುತ್ತಾರೆ. ಮಂಡ್ಯದ ಗುತ್ತಲಿನಲ್ಲಿ ನಮ್ಮ ಮನೆಯ ಮುಂದಿನ ರೂಮೇ ನಮ್ಮ ಹೋಟೆಲ್ಲು. ಮುದ್ದೆ, ಬಸ್ಸಾರು, ಉಪ್ಸಾರು, ಅನ್ನ. ಅಡುಗೆ ನನ್ನದು, ಸ್ಕೂಟರಿನಲ್ಲಿ ತಲುಪಿಸುವುದು ನಮ್ಮ ಯಜಮಾನರದು. ಕೂತು ತಿನ್ನಲು ಜಾಗವಿಲ್ಲ. ಅದಕ್ಕೇ ‘ಪಾರ್ಸಲ್ ಮಾತ್ರ’ ಎಂದು ದಪ್ಪ ಅಕ್ಷರದಲ್ಲಿ ಬೋರ್ಡು ಬರೆಸಿದ್ದೇವೆ. ಅದನ್ನು ಓದಿದವರು ಇದ್ದಾರೆ. ಕೇಳಿದವರು ಕಮ್ಮಿ.

ನಮ್ಮ ಚಿಕ್ಕಪ್ಪ

ಒಂದು ಮಧ್ಯಾಹ್ನ ಬಿಳಿ ಪಂಚೆ ಉಟ್ಟ ಹಿರಿಯರೊಬ್ಬರು ಬಂದರು. ಕೋರ್ಟಿನ ಕೆಲಸಕ್ಕೆ ಹಳ್ಳಿಯಿಂದ ಬಂದವರು.

“ಒಂದು ಊಟ ಕೊಡವ್ವ. ಎಲ್ಲಿ ಕೂತ್ಕಳ್ಳಿ?”

“ಇಲ್ಲಿ ಕೂರಕ್ಕೆ ಜಾಗ ಇಲ್ಲ ಯಜಮಾನ್ರೇ, ಪಾರ್ಸಲ್ ಮಾತ್ರ.”

“ಅಂಗಾರೆ ಕಟ್ಕೊಡು ಬುಡು.”

ಕಟ್ಟಿಕೊಟ್ಟೆ, ಹೋದರು. ನಾನು ಒಲೆ ಕಡೆ ತಿರುಗಿದೆ. ಅವರು ಹೋದದ್ದು ಎಲ್ಲಿಗೆ ಅಂದರೆ, ಪಕ್ಕದಲ್ಲಿರುವ ನಮ್ಮ ಮನೆ ಬಾಗಿಲಿಗೆ. ಒಳಗೆ ನಮ್ಮತ್ತೆ ಸೀರಿಯಲ್ ನೋಡುತ್ತಾ ಕೂತಿದ್ದರು. ಅವರಿಗೆ ಕಣ್ಣು ಸ್ವಲ್ಪ ಮಂಜು. ಪಂಚೆ ಉಟ್ಟವರು ಸಲೀಸಾಗಿ ಚಪ್ಪಲಿ ಬಿಟ್ಟು ಒಳಗೆ ಬಂದಿದ್ದು ನೋಡಿ, ನನ್ನ ತವರಿನ ಕಡೆಯವರು ಅಂದುಕೊಂಡರು. ತಟ್ಟೆ ಕೊಟ್ಟರು. ಬೇಡ ಬೇಡ ಅಂದರೂ ತುಪ್ಪ ಹಾಕಿದರು. ಉಪ್ಪಿನಕಾಯಿ, ಹಪ್ಪಳ, ಕೊನೆಗೆ ಮೊಸರು. ಆ ಹಿರಿಯರು ಇದೆಲ್ಲ ಊಟದ ಜೊತೆಗೇ ಬರುತ್ತೆ ಅಂದುಕೊಂಡು ನಿಧಾನಕ್ಕೆ ಉಂಡು, ಫ್ಯಾನಿನ ಕೆಳಗೆ ಒಂದು ಗಳಿಗೆ ಒರಗಿ, ಎದ್ದು ಹೋದರು.

ಸಂಜೆ ಅತ್ತೆ ನನ್ನನ್ನು ಕರೆದು ಗದರಿದರು: “ನಿಮ್ ಚಿಕ್ಕಪ್ಪ ಬಂದು ಉಂಡೋದ್ರು. ನೀನು ಬಂದು ಮಾತೂ ಆಡ್ಸಲಿಲ್ವಲ್ಲ, ಏನಂದ್ಕಂಡಾರು?”

ನಾನು ಎಷ್ಟು ಹೇಳಿದರೂ ನಂಬಲಿಲ್ಲ. ಮುಂದಿನ ವಾಯಿದೆಯ ದಿನ ಆ ಹಿರಿಯರು ಮತ್ತೆ ಬಂದರು, ಜೊತೆಗೆ ಇನ್ನಿಬ್ಬರು. ಬೋರ್ಡಿನ ಕಡೆ ಕೈ ತೋರಿಸಿ ಅವರಿಗೆ ಹೇಳುತ್ತಿದ್ದರು: “ಅದ್ನ ನೋಡ್ಬೇಡ್ರಲಾ, ಪಕ್ಕದ ಬಾಗ್ಲಲ್ಲಿ ಬನ್ನಿ. ಅಲ್ಲಿ ತುಪ್ಪಾನೂ ಆಕ್ತಾರೆ.”

ಮನೆ ಪಾತ್ರೆ

ಪ್ಲಾಸ್ಟಿಕ್ ಕವರಿನ ಕಾಟ ಬೇಡ ಅಂತ ‘ಸಾರಿಗೆ ಮನೆಯಿಂದಲೇ ಪಾತ್ರೆ ತನ್ನಿ’ ಎಂದು ಇನ್ನೊಂದು ಸಾಲು ಬರೆಸಿದೆವು. ಮಾರನೇ ದಿನವೇ ಹಿಂದಿನ ಬೀದಿಯ ಹೆಂಗಸು ಬಂದು ತಾಮ್ರದ ಬಿಂದಿಗೆ ಮುಂದಿಟ್ಟಳು.

“ಎಷ್ಟು ಊಟ?” ಅಂದೆ.

“ಒಂದು.”

“ಒಂದು ಊಟದ ಸಾರಿಗೆ ಬಿಂದಿಗೆಯೇನಮ್ಮ?”

“ಅಕ್ಕಾ, ಮನೇಲಿ ತೊಳ್ದಿದ್ದು ಇದೊಂದೇ. ಪಾತ್ರೆ ತೊಳಿಯಂಗಿದ್ರೆ ನಾನೇ ಅಡ್ಗೆ ಮಾಡ್ಕತಿರಲಿಲ್ವಾ?”

ಆಯಿಲ್ ಲೀಕು

ನಮ್ಮ ಎದುರುಗಡೆ ಒಂದು ಗ್ಯಾರೇಜಿದೆ. ಅದರ ಮೆಕ್ಯಾನಿಕ್ ಸಾಬರು ದಿನಾ ಮಧ್ಯಾಹ್ನ ನಮ್ಮಲ್ಲೇ ಊಟ ಕಟ್ಟಿಸಿಕೊಳ್ಳುವುದು. ಒಂದು ದಿನ ನಮ್ಮ ಯಜಮಾನರು ಸೋಮನಹಳ್ಳಿಯ ಒಂದು ಫ್ಯಾಕ್ಟರಿಗೆ ಊಟ ತಗೊಂಡು ಸ್ಕೂಟರ್ ಸ್ಟಾರ್ಟ್ ಮಾಡಿದರು. ಗ್ಯಾರೇಜಿನಿಂದ ಸಾಬರು ಕೂಗಿದರು: “ಅಣ್ಣಾ, ನಿಲ್ಸಿ ನಿಲ್ಸಿ! ಆಯಿಲ್ ಸುರೀತಾ ಐತೆ!”

ನೋಡಿದರೆ ನಿಜ. ಗಾಡಿ ಕೆಳಗೆ ಕಪ್ಪಗೆ ತೊಟ್ಟಿಕ್ಕುತ್ತಿದೆ. ನಮ್ಮವರಿಗೆ ರೇಗಿತು.

“ನಿನ್ನೆ ತಾನೇ ನೀನೇ ಸರ್ವಿಸ್ ಮಾಡಿದ್ದಲ್ಲಯ್ಯ!”

ಸಾಬರ ಮುಖ ಸಣ್ಣದಾಯಿತು. ಅವರು ಮುಟ್ಟಿದ ಗಾಡಿ ರಿಪೇರಿಗೆ ಅಂತ ತಿರುಗಿ ಬಂದದ್ದೇ ಇಲ್ಲ. ಗೋಣಿಚೀಲ ಹಾಸಿ ಗಾಡಿ ಕೆಳಗೆ ಮಲಗಿದರು. ನಟ್ಟು ಬಿಚ್ಚಿದರು, ಬೋಲ್ಟು ಬಿಚ್ಚಿದರು, ಪೈಪು ಕಿತ್ತು ಊದಿ ನೋಡಿದರು. ತೊಟ್ಟಿಕ್ಕುವುದು ಮಾತ್ರ ನಿಲ್ಲಲಿಲ್ಲ. ಅತ್ತ ಫ್ಯಾಕ್ಟರಿಯಿಂದ ಫೋನಿನ ಮೇಲೆ ಫೋನು. “ಊಟ ಬಂತಾ ಇಲ್ವಾ? ಇಲ್ಲಿ ನಾವು ಮಿಷಿನ್ ತಿನ್ಬೇಕಾಯ್ತದೆ.”

ಕೊನೆಗೆ ಸಾಬರು ಬೆರಳ ಮೇಲೆ ಒಂದು ತೊಟ್ಟು ಹಿಡಿದರು. ಬೆಳಕಿಗೆ ನೋಡಿದರು, ಮೂಸಿದರು. ಹುಬ್ಬು ಗಂಟು ಹಾಕಿದರು. ನಾವು ನೋಡುತ್ತಿದ್ದ ಹಾಗೇ ನೆಕ್ಕಿಬಿಟ್ಟರು! ನಾನು “ಅಯ್ಯಯ್ಯೋ” ಅಂದೆ.

ಸಾಬರು ನಿಧಾನಕ್ಕೆ ಎದ್ದು, ಬಟ್ಟೆಗೆ ಕೈ ಒರೆಸಿಕೊಂಡು, ನಮ್ಮವರ ಕಡೆ ನೋಡಿ ಹೇಳಿದರು: “ಅಣ್ಣಾ, ಇಂಜಿನ್ ಫಸ್ಟ್ ಕ್ಲಾಸ್ ಐತೆ. ಲೀಕ್ ಆಗಿರೋದು ಅಕ್ಕನ ಹುರುಳಿ ಸಾರು. ಉಪ್ಪು ಒಂಚೂರು ಕಮ್ಮಿ.”

ಮಳವಳ್ಳಿ ಬಸ್ಸು

ನಮ್ಮಲ್ಲಿ ಊಟ ತರಿಸುತ್ತಿದ್ದ ಟೀಚರೊಬ್ಬರಿಗೆ ಮಳವಳ್ಳಿಗೆ ವರ್ಗ ಆಯಿತು. ಅಲ್ಲಿ ಜೊತೆಯ ಟೀಚರುಗಳ ಮುಂದೆ ನನ್ನ ಉಪ್ಸಾರನ್ನು ಹೊಗಳಿ ಹೊಗಳಿ, ಕೊನೆಗೆ ಒಂದು ದಿನ ಫೋನು ಮಾಡಿದರು: “ಅಕ್ಕಾ, ನನ್ನ ಮರ್ಯಾದೆ ಪ್ರಶ್ನೆ. ನಾಲ್ಕು ಊಟ ಬಸ್ಸಿಗೆ ಹಾಕಿ, ನಾನು ಬಸ್ ಸ್ಟ್ಯಾಂಡಲ್ಲಿ ಇಸ್ಕೋತೀನಿ.”

ಪ್ರೈವೇಟ್ ಬಸ್ಸಿನ ಕಂಡಕ್ಟರ್ ಕೈಗೆ ದೊಡ್ಡ ಡಬ್ಬಿ ಕೊಟ್ಟು ಜೋಪಾನ ಅಂದೆ. ಊಟದ ಹೊತ್ತಿಗೆ ಫೋನು ಮಾಡಿದೆ.

“ಊಟ ಬಂತಾ ಮೇಡಂ?”

“ಬಸ್ ಬಂತು,” ಅಂದರು ಟೀಚರು.

ಆಗಿದ್ದು ಇಷ್ಟು. ದಾರೀಲಿ ಬಸ್ಸು ಪಂಚರ್ ಆಗಿ ನಿಂತಿದೆ. ಬಿಸಿಲು, ಹಸಿವು. ಮುಂದಿನ ಸೀಟಿನ ಅಜ್ಜಿ “ಏನ್ಲಾ ಅದು ಗಮ್ಮಂತಾ ಅದೆ?” ಅಂದಿದ್ದಾಳೆ. ಕಂಡಕ್ಟರು ತೋರಿಸುವುದಕ್ಕೆ ಮಾತ್ರ ಮುಚ್ಚಳ ತೆಗೆದಿದ್ದಾನೆ. ಖಾರದ ವಾಸನೆ ಕೊನೇ ಸೀಟಿನವರೆಗೂ ಹೋಗಿದೆ. ಡ್ರೈವರು ಟೈರು ಬದಲಿಸಿ ಕೈ ತೊಳೆದುಕೊಂಡವನು, ಉಣ್ಣದೆ ಬಸ್ಸು ಎತ್ತಲ್ಲ ಅಂದಿದ್ದಾನೆ. ಪ್ಯಾಸೆಂಜರೆಲ್ಲ ಒಂದೇ ಬಾಯಲ್ಲಿ “ಕೊಡ್ಲಾ ಅತ್ಲಾಗೆ!” ಅಂದಿದ್ದಾರೆ. ಆಮೇಲೆ ಅಜ್ಜಿಗೂ ಒಂದು ತುತ್ತು, ಕಂಡಕ್ಟರಿಗೂ ಒಂದು ತುತ್ತು. ಟೀಚರ ಕೈಗೆ ಬಂದದ್ದು ಖಾಲಿ ಡಬ್ಬಿ. “ತೊಳ್ದು ತಂದಿವ್ನಿ ಮೇಡಂ” ಅಂತ ಬೇರೆ ಹೇಳಿದನಂತೆ.

ಅವನಿಗೆ ನಾಲ್ಕು ಮಾತು ಅನ್ನಬೇಕು ಅಂತ ಕಾಯುತ್ತಿದ್ದೆ. ಒಂದು ವಾರ ಬಿಟ್ಟು ಅವನೇ ಬಂದ. ನಾನು ಬಾಯಿ ತೆಗೆಯುವ ಮೊದಲೇ ಕೇಳಿದ: “ಅಕ್ಕಾ, ಇವತ್ತು ಮಳವಳ್ಳಿಗೆ ಏನೂ ಇಲ್ವಾ? ಡ್ರೈವರ್ ಕೇಳ್ಕಂಡ್ ಬಾ ಅಂದ.”

ಹೆಣ್ಣು ನೋಡೋ ಶಾಸ್ತ್ರ

ಇದನ್ನು ನೆನೆದರೆ ಈಗಲೂ ಕೋಲು ಹಿಡಿದು ಮುದ್ದೆ ತೊಳಸುವಾಗ ಒಬ್ಬಳೇ ನಗುತ್ತೇನೆ.

ಪಕ್ಕದ ಬೀದಿಯ ಗೃಹಿಣಿಯೊಬ್ಬರು ಒಂದು ಶನಿವಾರ ಬಂದು ನನ್ನ ಕೈ ಹಿಡಿದುಕೊಂಡರು. “ನಾಳೆ ನಮ್ಮ ಮಗಳ್ನ ನೋಡಕ್ಕೆ ಮದ್ದೂರಿಂದ ಬತ್ತಾವ್ರೆ. ಒಳ್ಳೇ ಸಂಬಂದ. ಹುಡ್ಗನ ತಾಯಿಗೆ ಅಡ್ಗೆ ಬರೋ ಸೊಸೇನೇ ಬೇಕಂತೆ. ನಮ್ಮೋಳು ಹಾಲು ಕಾಸಿದ್ರೆ ಪಾತ್ರೇನೇ ಸುಟ್ಟೋಗ್ತದೆ. ನೀವು ಮಾಡಿ ಕೊಡಿ, ಯಾರ್ಗೂ ಗೊತ್ತಾಗಬಾರ್ದು.”

ನನಗೆ ಮನಸ್ಸಿರಲಿಲ್ಲ. ಆದರೆ ಆಯಮ್ಮನ ಕಣ್ಣು ತುಂಬಿಕೊಂಡಿತ್ತು. ಒಪ್ಪಿಕೊಂಡೆ.

ಭಾನುವಾರ ಹಿತ್ತಿಲ ಬಾಗಿಲಿಂದ ಹೋಗಿ ಬಸ್ಸಾರನ್ನು ಅವರ ಪಾತ್ರೆಗೆ ಬಗ್ಗಿಸಿ, ಅವರ ಒಲೆಯಲ್ಲೇ ಬಿಸಿಬಿಸಿ ಮುದ್ದೆ ಮಾಡಿಟ್ಟೆ. ಅಷ್ಟರಲ್ಲಿ ಕಾರು ಬಂದೇಬಿಟ್ಟಿತು. ಗಂಡಿನ ಕಡೆಯ ಗಂಡಸರು ಕೈಕಾಲು ತೊಳೆಯಲು ನೇರ ಹಿತ್ತಿಲಿಗೇ ಬಂದರು. ನಾನು ಅಡುಗೆಮನೆ ಬಾಗಿಲ ಹಿಂದೆ ರಾಗಿ ಮೂಟೆ ಮೇಲೆ ಕೂತುಬಿಟ್ಟೆ.

ಹುಡುಗಿ ಒಳಗೆ ಬಂದು ಪಿಸುಗುಟ್ಟಿದಳು: “ಅಕ್ಕಾ, ಹೆಂಗೆ ಮಾಡ್ದೆ ಅಂತ ಕೇಳಿದ್ರೆ?”

“ಕಾಳು ಬೇಯಿಸಿ, ಕಟ್ಟು ಬಸಿದು, ಮಸಾಲೆ ರುಬ್ಬಿ ಹಾಕ್ದೆ ಅನ್ನು.”

ಪರೀಕ್ಷೆಗೆ ಓದಿದ ಹಾಗೆ ಬಾಯಿಪಾಠ ಮಾಡುತ್ತಾ ಹೊರಗೆ ಹೋದಳು.

ಊಟಕ್ಕೆ ಕೂತರು. ಒಂದು ದನಿ ಕೇಳಿಸಿತು: “ಈರುಳ್ಳಿ ಇದ್ರೆ ಕೊಡಿ.” ಆ ದನಿ ನನಗೆ ಗೊತ್ತು. ಬಾಗಿಲ ಸಂದಿಯಿಂದ ಇಣುಕಿದೆ. ಮಂಡ್ಯದ ಆಫೀಸೊಂದರಲ್ಲಿ ಕೆಲಸ ಮಾಡುವ ಹುಡುಗ, ದಿನಾ ಮಧ್ಯಾಹ್ನ ನನ್ನ ಹತ್ತಿರ ಮುದ್ದೆ ಊಟ ಕಟ್ಟಿಸಿಕೊಂಡು, ‘ಈರುಳ್ಳಿ ಜಾಸ್ತಿ ಹಾಕಕ್ಕ’ ಅನ್ನುವವನು. ಅವನೇ ಗಂಡು!

ಮೊದಲ ತುತ್ತು ನುಂಗಿ ಹುಡುಗ ಸಾರನ್ನೇ ನೋಡತೊಡಗಿದ.

“ಯಾಕ್ಲಾ, ಚೆನ್ನಾಗಿಲ್ವಾ?” ಅವನ ತಾಯಿ ಕೇಳಿದರು.

“ಚೆನ್ನಾಗದೆ ಕಣವ್ವ. ದಿನಾ ತಿನ್ನಂಗೇ ಅದೆ.”

ತಾಯಿಗೆ ಖುಷಿ. “ಹೆಂಗ್ ಮಾಡ್ದೆ ಮಗಾ ಇದ್ನ?” ಅಂತ ಹುಡುಗೀನ ಕೇಳಿದರು.

“ಮಸಾಲೆ ಬಸಿದು, ಕಾಳು ರುಬ್ಬಿ...” ಅಲ್ಲಿಗೆ ನಿಂತಳು. ನಾನು ಮೂಟೆ ಮೇಲೆ ಕೂತೇ ದೇವರಿಗೆ ಕೈಮುಗಿದೆ. ಹುಡುಗಿ ಇದ್ದಕ್ಕಿದ್ದ ಹಾಗೆ ಗಟ್ಟಿಯಾಗಿ ಹೇಳಿಬಿಟ್ಟಳು: “ನಾನು ಮಾಡ್ಲಿಲ್ಲ. ನಂಗೆ ಅಡ್ಗೆ ಬರಲ್ಲ. ಸುಳ್ಳು ಹೇಳಿ ಮದ್ವೆ ಆಗಕ್ಕೆ ನಂಗಿಷ್ಟ ಇಲ್ಲ.”

ಅವಳ ತಾಯಿ ಗೋಡೆಗೆ ಒರಗಿಕೊಂಡರು. ಆಗ ಹುಡುಗ ಪಾಪ, ಅವಳನ್ನು ಉಳಿಸೋಣ ಅಂತ ಬಾಯಿ ಹಾಕಿದ: “ನಂಗೆ ಮೊದಲ್ನೇ ತುತ್ತಲ್ಲೇ ಗೊತ್ತಾಯ್ತು ಬುಡಿ. ಇದು ಗುತ್ತಲು ಅಕ್ಕನ ಸಾರು. ನಾನು ದಿನಾ ಮದ್ಯಾನ ಇದ್ನೇ ತಿನ್ನೋದು.”

ಹುಡುಗನ ತಾಯಿ ಹುಡುಗಿಯನ್ನು ಬಿಟ್ಟು ಮಗನ ಕಡೆ ತಿರುಗಿದರು.

“ದಿನಾ ತಿಂತೀಯಾ? ಅಂಗಾರೆ ನಾನು ಬೆಳಿಗ್ಗೆ ಎದ್ದು ಕಟ್ಟಿ ಕೊಡೋ ಡಬ್ಬಿ ಏನಾಯ್ತದ್ಲಾ?”

ಹುಡುಗ ತಟ್ಟೆ ನೋಡುತ್ತಾ ಅಂದ: “ಆಫೀಸಲ್ಲಿ ಒಬ್ಬ ಫ್ರೆಂಡ್ ತಿಂತಾನೆ ಕಣವ್ವ.”

ಅಲ್ಲಿಯವರೆಗೂ ತುಟಿ ಬಿಚ್ಚದೆ ಉಣ್ಣುತ್ತಿದ್ದ ಹುಡುಗನ ತಂದೆ ತಲೆ ಎತ್ತಿ ಕೇಳಿದರು: “ಅವ್ನು ಆರೋಗ್ಯವಾಗವ್ನೇನ್ಲಾ?”

ಆ ತಾಯಿ ಗಂಡನನ್ನು ದುರುಗುಟ್ಟಿ ನೋಡಿ, ಎದ್ದು ಸೀದಾ ಅಡುಗೆಮನೆಗೆ ನುಗ್ಗಿದರು. ಬಾಗಿಲು ಎಳೆದರು. ಕೈಯಲ್ಲಿ ಸೌಟು ಹಿಡಿದು ಕೂತಿದ್ದ ನಾನು ಎದ್ದು ನಿಂತೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಪಾತ್ರೆಯಲ್ಲಿ ಉಳಿದಿದ್ದ ಸಾರಿಗೆ ಬೆರಳು ಅದ್ದಿ ಬಾಯಿಗೆ ಇಟ್ಟುಕೊಂಡರು. ಆಮೇಲೆ ಹೊರಗೆ ತಿರುಗಿ ಹುಡುಗಿಯ ತಾಯಿಗೆ ಕೂಗಿ ಹೇಳಿದರು:

“ಹುಡ್ಗಿ ನಿಜ ಏಳ್ತಾಳೆ, ನಂಗೊಪ್ಗೆ. ಜಾತ್ಕ ಆಮ್ಯಾಕೆ ಕೊಡೀರಂತೆ. ಮೊದ್ಲು ಈಯಮ್ಮನ ಫೋನ್ ನಂಬರ್ ಕೊಡಿ!”