ಕಾಲ್ಪನಿಕ ಶಾರದಾ

ಇತರರ ತಪ್ಪು ಹುಡುಕಿ ಸಂಬಳ ಪಡೆಯುವವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ: ತನ್ನಿಂದ ತಪ್ಪಾಗದು ಎಂಬ ನಂಬಿಕೆ. ಎಂಬತ್ತರ ದಶಕದಲ್ಲಿ, ಪರದೇಶದ ವಾಲ್ನಟ್ ಕ್ರೀಕ್ ಎಂಬ ಊರಿನ ಬಳಿಯ ಇಂಗ್ಲಿಷ್ ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದಾಗ ನನಗದು ವಾಸಿಯಾಯಿತು.

ನನ್ನ ಹೆಂಡತಿ ಶಾರದಾ ಚಟ್ನಿಪುಡಿ ಮಾರಲು ಹೊರಟಿದ್ದಳು. ಕಾಗದಪತ್ರ ಸರಿಯಿದ್ದರೆ ಯುಗಾದಿಗೆ ಶೆಲ್ಫಿನಲ್ಲಿ ಜಾಗ ಕೊಡುತ್ತೇನೆಂದು ಗ್ರೋಸರಿಯವರೊಬ್ಬರು ಮಾತು ಕೊಟ್ಟಿದ್ದರು. ಮನೆಯ ಒಲೆಯಲ್ಲಿ ಹುರಿದದ್ದನ್ನು ಮಾರಕೂಡದೆಂದು ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಕಚೇರಿ ಹೇಳಿತು. ಚರ್ಚಿನ ಅಡುಗೆಮನೆ ಬಾಡಿಗೆಗೆ ಹಿಡಿದಳು. ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಕೌಂಟಿಯನ್ನು ಕಂಟ್ರಿ ಎಂದೇ ಕೇಳಿಸಿಕೊಂಡು, "ಇಷ್ಟು ಸಣ್ಣ ದೇಶಕ್ಕೆ ಎಷ್ಟೊಂದು ಕಾನೂನು ಅಳಿಯಂದ್ರೇ! ಕಾರಲ್ಲಿ ಒಂದು ಗಂಟೆ ಹೋದ್ರೆ ಮುಗಿದೇಹೋಗುತ್ತೆ" ಎಂದರು.

ಆ ಸಣ್ಣ ದೇಶದ ಇನ್ನೊಂದು ಕಾನೂನು: ವ್ಯಾಪಾರದ ಹೆಸರಿನಲ್ಲಿ ಮಾಲೀಕರ ಸರ್‌ನೇಮ್ ಇಲ್ಲದಿದ್ದರೆ ಅದು 'ಕಾಲ್ಪನಿಕ ಹೆಸರು', ನಾಲ್ಕು ವಾರ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಶಾರದಾಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮಿನ ಜಾಗದಲ್ಲಿ ಕೂತಿರುವುದು ನನ್ನ ಹೆಸರು. "ನೀವು ನಿಜ, ನಾನು ಕಾಲ್ಪನಿಕ. ಅಲ್ವೇನ್ರೀ?" ಎಂದಳು.

ಪ್ರಕಟಣೆ ನಮ್ಮ ಪತ್ರಿಕೆಗೇ ಬಂತು. ಕರಡನ್ನು ನಾನೇ ಓದಿ, ಸಹಿ ಹಾಕಿದೆ. 'ಶಾರದಾ ಚಟ್ನಿ ಪುಡಿ' ಎಂದಿರಬೇಕಾದದ್ದು ನಾಲ್ಕೂ ವಾರ 'ಶಾರದಾ ಚ್ಯಾಟಿ ಪುಡಿ' ಎಂದು ಅಚ್ಚಾಯಿತು. ಚ್ಯಾಟಿ ಎಂದರೆ ಇಂಗ್ಲಿಷಿನಲ್ಲಿ ಬಾಯಿಬಡುಕಿ. ಮನೆಯ ಹೆಸರಲ್ಲವೇ, ಕಣ್ಣು ಅಚ್ಚಾದದ್ದನ್ನು ಬಿಟ್ಟು ಗೊತ್ತಿದ್ದದ್ದನ್ನು ಓದಿತ್ತು.

"ಮನಸ್ಸಲ್ಲಿದ್ದದ್ದೇ ಪೇಪರಿಗೆ ಬಂದಿದೆ, ಬಿಡಿ" ಎಂದಳು ಶಾರದಾ. ತಪ್ಪು ಹೆಸರಿನ ಪ್ರಕಟಣೆ ಲೆಕ್ಕಕ್ಕಿಲ್ಲ; ಮತ್ತೆ ಮೊದಲಿನಿಂದ ನಾಲ್ಕು ವಾರ, ಯುಗಾದಿ ಕಳೆದೇಹೋಗುತ್ತದೆ. ಎರಡು ದಿನ ಅವಳು ನನ್ನೊಡನೆ ಮಾತೇ ಆಡಲಿಲ್ಲ. ಆ ಹೆಸರಿಗೆ ಇದಕ್ಕಿಂತ ದೊಡ್ಡ ತಿದ್ದುಪಡಿ ಬೇಕಿರಲಿಲ್ಲ.

ಮೂರನೆಯ ದಿನ ಅಪರಿಚಿತರೊಬ್ಬರ ಫೋನು ಬಂತು. "ಏನ್ರೀ, ಪುಡಿ ಅಂತ ನೋಡಿದೆ. ನಮ್ಮ ಮಂದೀನೇ ಇರಬೇಕು ಅಂದ್ಕೊಂಡೆ. ನಾವು ಧಾರವಾಡದವರು, ಇಲ್ಲೇ ಎರಡು ಬೀದಿ ಆಚೆ ಇದ್ದೀವಿ. ಶೇಂಗಾದ್ದೂ ಮಾಡ್ತೀರೇನು?" ಯಾರೂ ಓದುವುದಿಲ್ಲವೆಂದು ನಾನು ನಂಬಿದ್ದ ಪುಟವನ್ನು ಅವರು ಪ್ರತಿ ವಾರ ಓದುತ್ತಿದ್ದರಂತೆ. ಶಾರದಾ ಅವರೊಡನೆ ಒಂದು ಗಂಟೆ ಮಾತಾಡಿದಳು. ಯುಗಾದಿ ಕಳೆದರೂ ಗ್ರೋಸರಿಯವರು ಶೆಲ್ಫನ್ನು ಖಾಲಿ ಇಟ್ಟುಕೊಂಡು ಕಾದರು.

ಎರಡನೆಯ ಸಲದ ಕರಡನ್ನು ಇಂಗ್ಲಿಷ್ ಬಾರದ ನಮ್ಮತ್ತೆ ಅರ್ಜಿಯ ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ನೋಡಿದರು. ಒಂದೂ ತಪ್ಪಿರಲಿಲ್ಲ.

ಆ ಕೌಂಟಿಗೆ ನಾನು ಇಂದಿಗೂ ಕೃತಜ್ಞ. ತಪ್ಪನ್ನು ತಿದ್ದಿ ನಾಲ್ಕು ವಾರ ಪ್ರಕಟಿಸಿದರೆ ಅಲ್ಲಿ ಎಲ್ಲ ಸರಿಹೋಗುತ್ತದೆ. ಅದಕ್ಕಿಂತ ಸಣ್ಣ ದೇಶವಾದ ನಮ್ಮ ಮನೆಯಲ್ಲಿ ಅಂಥ ಕಾನೂನು ಇನ್ನೂ ಬಂದಿಲ್ಲ.