ಒಂದೇ ಮೂಗಿಗೆ ಎರಡು ಚೀಟಿ ಬರೆದ ವೈದ್ಯರಿಗೆ

ಶ್ರೀರಾಂಪುರ, ಹೊಸದುರ್ಗ ತಾಲ್ಲೂಕು
೧೪ ನವೆಂಬರ್ ೧೯೭೩

ನವರೂಪ ಮುಖಸೌಂದರ್ಯ ಶಿಬಿರದ ಮುಖ್ಯ ವೈದ್ಯರಿಗೆ,

ಮಾನ್ಯರೇ,

ಚಿತ್ರದುರ್ಗ, ಹೊಳಲ್ಕೆರೆಗಳ ಮುಖಗಳನ್ನು ಪರಾಂಬರಿಸಿ ಹೊಸದುರ್ಗದ ಛತ್ರಕ್ಕೂ ದಯಮಾಡಿಸಿ, ನಮ್ಮ ತಾಲ್ಲೂಕಿನವರ ಮೂಗು, ಕಿವಿ, ಗದ್ದಗಳಲ್ಲಿ ಇಷ್ಟು ಕಾಲ ಯಾರ ಗಮನಕ್ಕೂ ಬಾರದೆ ಅಡಗಿದ್ದ ದೋಷಗಳನ್ನು ಐದೇ ದಿನಗಳಲ್ಲಿ ಹೊರಗೆಡವಿದ ತಮಗೆ, ಆ ದೋಷಗಳಲ್ಲಿ ಬಹುಪಾಲನ್ನು ಅರವತ್ತೊಂದು ವರ್ಷಗಳಿಂದ ನಿಶ್ಚಿಂತೆಯಾಗಿ ಹೊತ್ತು ತಿರುಗುತ್ತಿರುವ ನಿವೃತ್ತ ಉಪಾಧ್ಯಾಯನ ವಿನಯಪೂರ್ವಕ ನಮಸ್ಕಾರಗಳು. ತಮ್ಮ ಕರಪತ್ರದಲ್ಲಿ ‘ಸೌಂದರ್ಯತೆ’ ಎಂದು ಅಚ್ಚಾಗಿದೆ. ಸೌಂದರ್ಯ ಎಂದರೆ ಸಾಕಾಗಿತ್ತು. ಆದರೆ ಸಾಕಾದದ್ದಕ್ಕೆ ಇನ್ನೊಂದು ತುಂಡು ಜೋಡಿಸುವುದು ತಮ್ಮ ವೃತ್ತಿಯೇ ಆಗಿರುವುದರಿಂದ ಅದನ್ನು ಮನ್ನಿಸಿದ್ದೇನೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಹೆಣ್ಣುಮಕ್ಕಳ ಶಾಲೆಯ ಚಿತ್ರಕಲಾ ಉಪಾಧ್ಯಾಯಿನಿ ಹುಚ್ಚಕ್ಕ ತಮ್ಮನ್ನು ಸಂತೆಯಲ್ಲಿ ಅವಮಾನಿಸಿದಳೆಂದೂ, ಲಿಖಿತ ಕ್ಷಮಾಪಣೆ ಕೊಡದಿದ್ದರೆ ಆಕೆಯನ್ನು ಕೆಲಸದಿಂದ ತೆಗೆಯಬೇಕೆಂದೂ ತಾವು ಶಾಲಾ ಸಮಿತಿಗೆ ಬರೆದಿದ್ದೀರಿ. ಆಕೆ ನನ್ನ ಹಳೆಯ ವಿದ್ಯಾರ್ಥಿನಿ. ಕುರಿ ಕಾಯುವ ಗೊಲ್ಲಪ್ಪನ ಮಗಳು, ಆ ಮನೆತನದಲ್ಲಿ ಸಂಬಳದ ಕೆಲಸ ಹಿಡಿದ ಮೊದಲನೆಯವಳು. ನೇಮಕ ಇನ್ನೂ ಕಾಯಂ ಆಗಿಲ್ಲ. ಸಮಿತಿಯ ಮೂವರಲ್ಲಿ ಅಧ್ಯಕ್ಷ ತಿಪ್ಪೇರುದ್ರಪ್ಪನವರು ತಮ್ಮ ಕಡೆ ವಾಲಿದ್ದಾರೆ, ಪಾರ್ವತಮ್ಮನವರು ಯೋಚಿಸುತ್ತಿದ್ದಾರೆ, ಮೂರನೆಯವನು ನಾನು. ಆದ್ದರಿಂದ ನಡೆದುದನ್ನು ನಡೆದ ಕ್ರಮದಲ್ಲೇ ದಾಖಲಿಸುವುದು ನನ್ನ ಕರ್ತವ್ಯ.

ಶಿಬಿರದ ಮೊದಲ ದಿನ ತಾವು ಪರದೆಯ ಮೇಲೆ ಹನ್ನೆರಡು ಮಹಿಳೆಯರ ಚಿತ್ರ ತೋರಿಸಿದಿರಿ. ಚಿಕಿತ್ಸೆಗೆ ಮುನ್ನ ಹನ್ನೆರಡು ಜನರಿದ್ದವರು ಚಿಕಿತ್ಸೆಯ ಬಳಿಕ ಒಬ್ಬಳೇ ಹನ್ನೆರಡು ಸಲ ಬಂದು ಹೋದಂತೆ ಕಂಡರು. ಆಮೇಲೆ ಸಭೆಯಿಂದ ಒಬ್ಬರು ವೇದಿಕೆಗೆ ಬರಬೇಕೆಂದಿರಿ, ಹುಚ್ಚಕ್ಕ ಬಂದಳು. ತಾವು ನೀಲಿ ಶಾಯಿಯಲ್ಲಿ ಆಕೆಯ ಮುಖದ ಮೇಲೆ ಗೆರೆ ಎಳೆದು, ‘ಮೂಗು ಅಗಲ, ಗದ್ದ ಗಿಡ್ಡ’ ಎಂದು ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಟ್ಟಿರಿ.

ಐದನೆಯ ದಿನ ಛತ್ರದ ಮುಂದೆಯೇ ಸಂತೆ. ಆಕೆ ಆ ನೀಲಿ ಗೆರೆಗಳನ್ನು ಮತ್ತೆ ತೀಡಿಕೊಂಡು, ಕುರಿಗಳ ಸಾಲಿನ ತುದಿಯಲ್ಲಿ ಮಂಕರಿ ಬೋರಲು ಹಾಕಿ ಕುಳಿತಳು. ಮಾರಾಟವಾದ ಕುರಿಯ ಬೆನ್ನಿಗೆ ಹಚ್ಚುವ ಕೆಮ್ಮಣ್ಣಿನ ಬಟ್ಟಲು ಮುಂದೆ ಇತ್ತು. ಪಕ್ಕದ ಹಲಗೆಯ ಮೇಲೆ ‘ಈ ಚಿತ್ರ ಅಪೂರ್ಣ. ಸಾರ್ವಜನಿಕರು ತಿದ್ದಬಹುದು’ ಎಂದು ತಪ್ಪಿಲ್ಲದೆ ಬರೆದಿತ್ತು. ಎಲೆ ಅಡಿಕೆ ಮಾರುವ ಕಾಳಕ್ಕ, “ಏನವ್ವ ಟೀಚರಮ್ಮ, ಯಾರು ಕೊಂಡ್ರು ನಿನ್ನ? ಹಲ್ಲು ಎಣಿಸಿದ್ರೋ ಇಲ್ವೋ?” ಎಂದು ವಿಚಾರಿಸಿದಳು. ಇದೆಂಥ ವೇಷವೆಂದು ನಾನು ಗದರಿದ್ದಕ್ಕೆ ಹುಚ್ಚಕ್ಕ, “ಗೋಡೆಗೆ ತೂಗಾಕಿದ್ರೆ ಚಿತ್ರ ನೋಡಾಕೆ ಯಾರು ಬರ್ತಾರೆ ಮೇಷ್ಟ್ರೇ? ಅದ್ಕೇ ಚಿತ್ರಾನೇ ಸಂತೆಗೆ ಬಂದು ಕುಂತೈತೆ” ಎಂದಳು.

ಮೊದಲು ನಗು, ಆಮೇಲೆ ನೂಕುನುಗ್ಗಲು. ಬಟ್ಟೆ ಅಂಗಡಿಯ ದಾಸಣ್ಣ ಕೆಮ್ಮಣ್ಣಿನಲ್ಲಿ ಬೆರಳದ್ದಿ ಆಕೆಯ ಹುಬ್ಬನ್ನು ಮೇಲಕ್ಕೇರಿಸಿದ. ಹಿಂದೆ ನಿಂತಿದ್ದವನು ಬಂದು ಅದನ್ನು ಕೆಳಗಿಳಿಸಿದ. ಮೂವತ್ತನಾಲ್ಕು ವರ್ಷ ಕೆಂಪು ಮಸಿಯಲ್ಲಿ ತಿದ್ದಿದ ನನ್ನ ಕೈಯೂ ಸುಮ್ಮನಿರದೆ ಎಡಗೆನ್ನೆಯ ಮೇಲೊಂದು ಗೆರೆ ಎಳೆಯಿತು. ಆಕೆ ರೆಪ್ಪೆ ಅಲುಗಿಸದೆ ನನ್ನನ್ನೇ ನೋಡುತ್ತಿದ್ದಳು. ಆ ಕೆನ್ನೆಯಲ್ಲಿ ತಿದ್ದಬೇಕಾದ ತಪ್ಪೇನೂ ಇರಲಿಲ್ಲ. ಕುರಿಗಾರ ಕಾಟಯ್ಯನೊಬ್ಬ ಮಾತ್ರ ಬಟ್ಟಲು ಮುಟ್ಟಲಿಲ್ಲ. “ನಾವು ಕುರೀನೇ ಮಖ ನೋಡಿ ಗುರ್ತಿಡಿತೀವಿ ಕಣ್ರಿ. ಎಲ್ಲದಕ್ಕೂ ಒಂದೇ ಮೂಗು ಮಡಗಿದ್ರೆ, ಸಂಜಿಗೆ ಯಾರ್ದನ್ನ ಯಾರು ಹೊಡ್ಕಂಡು ಹೋಗಾದು?” ಎಂದು ಕೇಳಿದ.

ಮಧ್ಯಾಹ್ನ ಹುಚ್ಚಕ್ಕ ನಲ್ಲಿಯಲ್ಲಿ ಮುಖ ತೊಳೆದು, ತಲೆಯ ಮೇಲೆ ಸೆರಗು ಹೊದ್ದು, ತಮ್ಮ ಶಿಬಿರದ ಸಾಲಿನಲ್ಲಿ ನಿಂತಳು. ತಾವು ಹೊಸಬಳೆಂದೇ ಭಾವಿಸಿ, ಅದೇ ನೀಲಿ ಶಾಯಿಯಲ್ಲಿ ಗೆರೆ ಎಳೆದು, ‘ಮೂಗು ಕಿರಿದು, ಗದ್ದ ಉದ್ದ’ ಎಂದು ಬರೆದು ಸಹಿ ಹಾಕಿದಿರಿ. ಆಕೆ ಸಂತೆಗೆ ಮರಳಿ ಎರಡು ಚೀಟಿಗಳನ್ನೂ ಹಲಗೆಗೆ ಅಂಟಿಸಿ ಪಕ್ಕದಲ್ಲಿ ಕುಳಿತಳು. ಓದು ಬಂದವರು ಬಾರದವರಿಗೆ ಓದಿ ಹೇಳಿದರು. ತಾವು ದೂರಿರುವ ಅವಮಾನ ಇಷ್ಟೇ. ಅದರ ಒಕ್ಕಣೆ ತಮ್ಮದು, ಸಹಿಯೂ ತಮ್ಮದು.

ನಾನಾದರೋ ಇದನ್ನು ತಮ್ಮ ಕೌಶಲದ ಪರಾಕಾಷ್ಠೆಯೆಂದು ಎಣಿಸುತ್ತೇನೆ. ಕತ್ತಿ ಮುಟ್ಟಿಸದೆ, ಹನಿ ರಕ್ತ ಕೆಡವದೆ, ಐದು ದಿನಗಳೊಳಗೆ ಅಗಲದ ಮೂಗನ್ನು ಕಿರಿದಾಗಿಸಿ ಗಿಡ್ಡ ಗದ್ದವನ್ನು ಬೆಳೆಸಿದ ವೈದ್ಯರನ್ನು ನಾನು ಬೇರೆ ಕಂಡಿಲ್ಲ. ಪರೀಕ್ಷಕನಾಗಿ ನನಗೊಂದು ಸಣ್ಣ ತೊಡಕು ಮಾತ್ರ ಉಳಿದಿದೆ: ಒಂದೇ ಉತ್ತರಪತ್ರಿಕೆಯನ್ನು ಎರಡು ಸಲ ನೋಡಿದರೆ ಅಂಕ ಒಂದೆರಡು ಹೆಚ್ಚುಕಡಿಮೆಯಾದೀತು, ಆದರೆ ಮೊದಲ ಸಲ ಉದ್ದವಾಯಿತೆಂದು ನಪಾಸು ಮಾಡಿ, ಎರಡನೆಯ ಸಲ ಗಿಡ್ಡವಾಯಿತೆಂದು ನಪಾಸು ಮಾಡುವ ಪದ್ಧತಿಯನ್ನು ನಾನು ಎಲ್ಲಿಯೂ ಕೇಳಿಲ್ಲ. ಅಂಥ ಪರೀಕ್ಷೆಯಲ್ಲಿ ಪಾಸಾಗುವುದು ಹೇಗೆಂದು ತಾವು ತಿಳಿಸಿದರೆ ನಮ್ಮ ಹೆಣ್ಣುಮಕ್ಕಳಿಗೆ ಮಹದುಪಕಾರವಾಗುತ್ತದೆ.

ಮುಂದಿನ ಶಿಬಿರಕ್ಕೆಂದು ಹಿರಿಯೂರಿಗೆ ಹೊರಡುವ ಮೊದಲು ಇನ್ನೆರಡು ಬಿನ್ನಹಗಳನ್ನು ನಡೆಸಿಕೊಡಬೇಕು. ಇಡೀ ತಾಲ್ಲೂಕಿಗೆ ಒಂದೇ ಮೂಗು ಕೂರಿಸಿದ ಮೇಲೆ, ಪ್ರತಿದಿನ ಸಂಜೆ ಹಟ್ಟಿಹಟ್ಟಿಗೂ ಖುದ್ದಾಗಿ ಬಂದು, ಯಾವ ಮಗು ಯಾವ ತಾಯಿಯದು, ಯಾವ ಹೆಂಡತಿ ಯಾವ ಗಂಡನವಳು ಎಂದು ವಿಂಗಡಿಸಿ ಮನೆ ಸೇರಿಸುವ ಹೊಣೆಯನ್ನು ತಾವೇ ಹೊರಬೇಕು. ಎರಡನೆಯದಾಗಿ, ಸೋಮವಾರ ಸಮಿತಿಯ ಸಭೆಗೆ ಬಂದು, ಸಾಲಾಗಿ ನಿಂತ ನಮ್ಮ ಐವರು ಉಪಾಧ್ಯಾಯಿನಿಯರಲ್ಲಿ ತಮ್ಮನ್ನು ಅವಮಾನಿಸಿದವಳು ಯಾರೆಂದು ಬೆರಳು ಮಾಡಿ ತೋರಿಸಬೇಕು. ತೋರಿಸಿದರೆ ನನ್ನ ಮತ ತಮಗೆ.

ಇದ್ದ ಮುಖದಲ್ಲೇ ದಿನ ದೂಡಲು ನಿರ್ಧರಿಸಿರುವ,
ತಮ್ಮ ವಿಶ್ವಾಸಿ,
ತ. ರಂಗಯ್ಯ
ನಿವೃತ್ತ ಮುಖ್ಯೋಪಾಧ್ಯಾಯ

ಮರೆತ ಮಾತು: ಈ ಪತ್ರದ ಶುದ್ಧಪ್ರತಿ ಮುಗಿಯುವಷ್ಟರಲ್ಲಿ ತಿಪ್ಪೇರುದ್ರಪ್ಪನವರು ಸೋಮವಾರದವರೆಗೂ ಕಾಯದೆ ಅವಸರದಿಂದ ಸಭೆ ಕರೆದುಬಿಟ್ಟರು. “ಒಂದು ಕ್ಷಮಾಪಣೆ ಬರ್ಕೊಡಮ್ಮ, ಮುಗುದೋಗ್ಲಿ” ಎಂದರು. ಹುಚ್ಚಕ್ಕ, “ಬರ್ಕೊಡ್ತೀನಿ ಸಾರ್. ಅಗಲದ ಮೂಗಿನ ಪರವಾಗಿ ಬರೀಲೋ, ಕಿರಿದರ ಪರವಾಗಿ ಬರೀಲೋ? ಅದೊಂದನ್ನ ಡಾಕ್ಟ್ರು ತೀರ್ಮಾನ ಮಾಡಿ ತಿಳಿಸ್ಲಿ” ಎಂದಳು. ಪಾರ್ವತಮ್ಮನವರ ಯೋಚನೆ ಅಲ್ಲಿಗೆ ಮುಗಿಯಿತು. ತಮ್ಮ ಲಿಖಿತ ತೀರ್ಮಾನ ಕೈಸೇರುವವರೆಗೆ ಹುಚ್ಚಕ್ಕ ಕೆಲಸದಲ್ಲಿ ಮುಂದುವರಿಯತಕ್ಕದ್ದೆಂದು ಸಮಿತಿ ನಿರ್ಣಯಿಸಿದೆ. ತಾವು ಅವಸರಪಡಬೇಕಾಗಿಲ್ಲ, ಆಕೆಯ ನಿವೃತ್ತಿಗೆ ಇನ್ನೂ ಮೂವತ್ತೊಂದು ವರ್ಷವಿದೆ.